ಮೂಕಿ ಎಂದ ಮಾತು

ಮದುವೆಯಾಗಿ ಕಮಲಾಪುರಕ್ಕೆ ಬಂದಾಗ ನನಗೆ ಹದಿನಾರು. ತವರು ಕಲಬುರಗಿಯ ಗಾಜಿಪುರ. ಮಾವನವರದು ಕೆಂಪು ಬಾಳೆಯ ತೋಟ. ಅಲ್ಲಿಗೆ ಕೂಲಿಗೆ ಬರುವ ಹೆಂಗಸರು ತಮ್ಮ ಮೂರು ನಾಲ್ಕು ವರ್ಷದ ಮಕ್ಕಳನ್ನು ಬಾವಿಯ ಆಚೆಯ ಹುಣಸೆಮರದ ಕೆಳಗೆ ಬಿಟ್ಟು ಕೆಲಸಕ್ಕೆ ಇಳಿಯುತ್ತಿದ್ದರು. ಮಕ್ಕಳು ಬಾವಿಯ ಕಡೆ ಸುಳಿಯದಂತೆ ನೋಡಿಕೊಳ್ಳುವ ಕೆಲಸವನ್ನು ಅತ್ತೆ ನನಗೆ ಒಪ್ಪಿಸಿದರು.

ಸುಮ್ಮನೆ ಕಾಯುತ್ತ ಕೂಡುವುದು ನನ್ನಿಂದಾಗಲಿಲ್ಲ. ಎತ್ತುಗಳು ನೀರೆಳೆಯುವಾಗ ಬಾವಿಯ ಗಾಲಿ ಕಿರುಗುಟ್ಟುತ್ತಿತ್ತು. ಅದರ ಜೊತೆಗೇ ಒಂದು ಹಾಡು ಕಟ್ಟಿದೆ: 'ಕಿರ್ರ ಕಿರ್ರ ಗಾಲಿ, ನೀರ ತಾರ ಗಾಲಿ'. ಮಕ್ಕಳ ಕೈಗೆ ಎರಡೆರಡು ಕಲ್ಲು ಕೊಟ್ಟೆ, ಒಣ ಸೋರೆಬುರುಡೆಯಲ್ಲಿ ಜೋಳ ತುಂಬಿ ಕೊಟ್ಟೆ. ಎತ್ತು ಭಾರ ಎಳೆಯುವಾಗ ನಿಧಾನ, ಬರಿದೇ ಹಿಂದೆ ಸರಿಯುವಾಗ ಬೇಗ ಬೇಗ. ಹೇಳಿಕೊಡದೆಯೇ ಮಕ್ಕಳಿಗೆ ತಾಳ ಹತ್ತಿತು. ಒಬ್ಬ ಹುಡುಗಿಗೆ ಮಾತ್ರ ಹತ್ತಲಿಲ್ಲ. ಗೊಬ್ಬರ ಹೊರುವ ಹೆಂಗಸಿನ ಮಗಳು, ನಾಲ್ಕು ತುಂಬಿರಲಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೆ ಅವಳ ಕಲ್ಲು ಟಕ್ ಎನ್ನುತ್ತಿತ್ತು. ದನಿಯೂ ಎಲ್ಲರಿಗಿಂತ ಜೋರು. ಎಲ್ಲರಿಗಿಂತ ಹೆಚ್ಚು ಖುಷಿಯಲ್ಲಿ ಹಾಡುವವಳೂ ಅವಳೇ.

ಒಂದು ದಿನ ತಹಶೀಲ್ದಾರರ ಬೇಗಂ ತೋಟ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರು ಪರದೆಯವರೆಂದು ಗಂಡಸರನ್ನೆಲ್ಲ ತೋಟದಿಂದ ಹೊರಗೆ ಕಳಿಸಿದರು. ಅತ್ತೆ, "ನಿನ್ನ ಹುಡುಗ್ರ ಹಾಡು ಕೇಳಸವ್ವ ಅವ್ರಿಗೆ," ಎಂದರು. ನನಗೆ ನೆಲ ಕಾಣದಷ್ಟು ಹೆಮ್ಮೆ. ಬೇಗಂ ಬಂದು ಜಮಖಾನೆಯ ಮೇಲೆ ಕೂಡುವ ಮೊದಲು ಆ ಹುಡುಗಿಯ ಕೈಯಿಂದ ಕಲ್ಲು ಕಿತ್ತುಕೊಂಡೆ.

"ಇವತ್ತ ನೀ ಬಾಯಿ ಮುಚ್ಕೊಂಡ ಕೂಡು. ಉಸಿರು ಬಿಟ್ಟಿ ಅಂದ್ರ ನೋಡು."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ಉಳಿದವರು ಹಾಡಿದರು. ಬೇಗಂಗೆ ಬಹಳ ಹಿಡಿಸಿತು. ಬತಾಸು ಹಂಚುತ್ತ ಆ ಹುಡುಗಿಯ ಮುಂದೆ ನಿಂತು, "ಯೆ ಬಚ್ಚಿ ಕಾಯಕು ನೈ ಗಾತಿ?" ಎಂದು ಕೇಳಿದರು. ಯಾಕೆ ಹಾಡಲಿಲ್ಲ ಈ ಮಗು?

ನಾನೇ ಸುಮ್ಮನಿರಿಸಿದೆ ಎನ್ನಲು ಬಾಯಿ ಬರಲಿಲ್ಲ. "ಗೂಂಗಿ ಹೈ," ಎಂದುಬಿಟ್ಟೆ. ಮೂಕಿ.

ಅವಳ ತಾಯಿ ನೀರಿನ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ನಮ್ಮ ತೋಟದ ಕೂಲಿಯವಳು ಏನು ಹೇಳಿಯಾಳು?

ಮಾತು ಅಲ್ಲಿಗೇ ಮುಗಿದಿದ್ದರೆ ಇಷ್ಟು ವರ್ಷ ಅದು ನನ್ನನ್ನು ಚುಚ್ಚುತ್ತಿರಲಿಲ್ಲವೇನೋ. ಬೇಗಂ ಒಳ್ಳೆಯ ಹೆಂಗಸು. ಮಗುವಿನ ತಲೆ ಸವರಿ ಕಣ್ಣೀರು ಹಾಕಿದರು. ಬರುವ ಗುರುವಾರ ಕಲಬುರಗಿಯ ರೋಜಾಕ್ಕೆ ಕರೆತನ್ನಿ, ಅಲ್ಲಿಯ ದರ್ಗಾದಲ್ಲಿ ನಾನೇ ಇವಳಿಗಾಗಿ ಹರಕೆ ಹೊರುತ್ತೇನೆ ಎಂದರು. ಬೇಗಂ ಮಾತಿಗೆ ಎದುರಾಡುವಂತಿರಲಿಲ್ಲ. ಬುಧವಾರ ನಸುಕಿನಲ್ಲಿ ಗಾಡಿ ಕಟ್ಟಿಸಿ ತಾಯಿ ಮಗಳನ್ನು ಕೂರಿಸಿಕೊಂಡು ಹೊರಟೆ. ಮಗು ದಾರಿಯುದ್ದಕ್ಕೂ ಗಾಡಿಯ ಸದ್ದಿಗೆ ಹಾಡುತ್ತಲೇ ಇತ್ತು. ಊರು ಹತ್ತಿರ ಬಂದಾಗ ತಾಯಿಯೇ ಅದರ ಬಾಯಿಗೆ ಸೆರಗು ಒತ್ತಿ, "ಸಾಕು ಸುಮ್ನಿರು," ಎಂದಳು. ಆ ರಾತ್ರಿ ನನ್ನ ತವರಿನಲ್ಲಿ ಉಳಿದೆವು. ನನ್ನ ತಾಯಿಗೂ ನಾನು ನಿಜ ಹೇಳಲಿಲ್ಲ.

ಮರುದಿನ ಬೇಗಂ ಹೂವಿನ ಚಾದರ ಒಪ್ಪಿಸಿ ಬೇಡಿಕೊಂಡರು. ಮಗು ಒಂದು ಮಾತೂ ಆಡಲಿಲ್ಲ. ನಾವು ಹೊರಗೆ ಅಂಗಳಕ್ಕೆ ಬಂದಾಗ ಒಬ್ಬ ಫಕೀರ ದಫ್ ಬಾರಿಸುತ್ತ ಹಾಡುತ್ತಿದ್ದ. ಅಷ್ಟೇ ಸಾಕಾಯಿತು. ಹುಡುಗಿ ತಾಯಿಯ ಕೈ ಕೊಸರಿಕೊಂಡು ಓಡಿ ಅವನ ಮುಂದೆ ನಿಂತು, ಚಪ್ಪಾಳೆ ತಟ್ಟುತ್ತ, "ಕಿರ್ರ ಕಿರ್ರ ಗಾಲಿ" ಎಂದು ಗಂಟಲು ಹರಿಯುವಂತೆ ಕೂಗಿದಳು. ತಾಳ ಎಂದಿನಂತೆ ತಪ್ಪಿತ್ತು.

ಬೇಗಂ ಕುಸಿದು ಕೂತು ಅವಳನ್ನು ತಬ್ಬಿಕೊಂಡು ಅತ್ತರು. ಜನ ಸೇರಿದರು. ಯಾರೋ ಮಗುವಿನ ಪಾದ ಮುಟ್ಟಿದರು. ಮಗು ಗಾಬರಿಯಾಗಿ ನನ್ನ ಕಡೆ ನೋಡಿತು. ಬೈಯುತ್ತಾಳೇನೋ ಎಂಬ ನೋಟ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಕೈಮುಗಿದು ನಿಂತೆ.

ವಾಪಸು ಬರುವಾಗ ಗಾಡಿಯಲ್ಲಿ ಹುಡುಗಿಯ ತಾಯಿ ನನಗೆ ಬೆನ್ನು ಮಾಡಿ ಕೂತಳು. ಮರುದಿನದಿಂದ ಮಗಳನ್ನು ಹುಣಸೆಮರದ ಕೆಳಗೆ ಬಿಡುವುದನ್ನೂ ನಿಲ್ಲಿಸಿದಳು, ಬೆನ್ನಿಗೆ ಕಟ್ಟಿಕೊಂಡೇ ಗೊಬ್ಬರ ಹೊತ್ತಳು. ನಾಲ್ಕು ದಿನ ನೋಡಿದೆ. ಐದನೆಯ ದಿನ ಅವರ ಗುಡಿಸಲಿಗೆ ಹೋದೆ. ಅವಳು ಕಂಬಳಿ ಹಾಸಿದಳು. ನಾನು ಕೂಡಲಿಲ್ಲ.

"ನನ್ನಿಂದ ತಪ್ಪಾತು," ಎಂದೆ. "ನಾಳಿಂದ ಹುಡುಗೀನ ಕಳಸು. ಆಕಿ ಹ್ಯಾಂಗ ಬೇಕ ಹಾಂಗ ಹಾಡ್ಲಿ."

"ಆಕಿ ಇನ್ನಾ ಸಣ್ಣಾಕಿ ಅವ್ವಾರೆ, ಮರೀತಾಳ," ಎಂದಳು. "ನಾ ಮರಿಯಾಂಗಿಲ್ರಿ. ಮಾತಾಡೋ ಕೂಸಿನ ಬಾಯಿಗೆ ನಾನೇ ಸೆರಗ ಒತ್ತೀನಿ. ಯಾರ ಸಲುವಾಗಿ ಅಂತ ನಿಮಗ ಗೊತ್ತದ."

ಆ ಸುಗ್ಗಿ ಮುಗಿದ ಮೇಲೆ ಅವಳು ಬೇರೆ ತೋಟಕ್ಕೆ ಹೋದಳು.

ಬೇಗಂ ಕಲಬುರಗಿಯಲ್ಲಿ ಇರುವವರೆಗೂ ನಾನು ತವರಿಗೆ ಬಂದಾಗಲೆಲ್ಲ ಹೇಳಿಕಳಿಸುತ್ತಿದ್ದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, ಆ ಮಗುವನ್ನು ಕರೆತಂದವಳು ಇವಳೇ ಎನ್ನುತ್ತಿದ್ದರು. ಪ್ರತಿಸಲ ಹೇಳಿಬಿಡಬೇಕೆಂದೇ ಹೋಗುತ್ತಿದ್ದೆ. ಪ್ರತಿಸಲ ಶರಬತ್ತು ಕುಡಿದು, ತಲೆ ತಗ್ಗಿಸಿ, ಮನೆಗೆ ಬರುತ್ತಿದ್ದೆ.