ನಮ್ಮ ಸೈಕಲ್‌ಗಳ ಹಿಂದೆ ಅತ್ತೆಯ ಆಟೋ

ನಲವತ್ತು ದಾಟಿದ ಮೇಲೆ ನನಗೆ ಸೈಕಲ್ ಹುಚ್ಚು ಹಿಡಿಸಿದವಳು ನನ್ನ ವಾರಗಿತ್ತಿ. ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಸಿಂಗಾಪುರದ ನಮ್ಮ ಮನೆಯಲ್ಲಿ ಕೆಳಗೆ ಅತ್ತೆ, ನಡುವೆ ನಾವು, ಮೇಲೆ ಮೈದುನ ಮತ್ತು ಅವಳು. ಊರು ಊರಾಗಿದ್ದ ಕಾಲದಿಂದ ಅತ್ತೆಯ ಮನೆತನ ಅಲ್ಲೇ ಇದೆ. ಸುತ್ತಲೂ ಲೇಔಟುಗಳು ಬಂದವು, ಅತ್ತೆಯ ಮಾತು ಮಾತ್ರ ಹಳೇ ಊರಿನದೇ ಉಳಿಯಿತು. ನಾನು ಆರ್.ಟಿ. ನಗರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಾರಗಿತ್ತಿ ಹೆಬ್ಬಾಳದ ಕಡೆ ಒಂದು ಕಚೇರಿಯಲ್ಲಿದ್ದಾಳೆ, ನನಗಿಂತ ಬಹಳ ಚಿಕ್ಕವಳು.

ಒಂದು ಭಾನುವಾರ ಬೆಳಿಗ್ಗೆ ಅವಳು ತೆಳ್ಳನೆಯ ಟೈರಿನ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೊಂದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು. ನಾನು ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಅಕ್ಕಾ, ಒಂದ್ ರೌಂಡ್ ಹೊಡೀರಿ" ಎಂದಳು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಹತ್ತಿದೆ. ಪೆಡಲ್ ಮೇಲೆ ಸುಮ್ಮನೆ ಕಾಲಿಟ್ಟರೆ ಸಾಕು, ಅದು ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೊರಟಿತು! ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನನ್ನ ಬಾಯಿ ತಾನಾಗಿ ನಗುತ್ತಿತ್ತು. ಒಲೆಯ ಮೇಲೆ ಹಾಲು ಇಡುವುದೇ ಮರೆತುಹೋಗಿತ್ತು. ಮುಂದಿನ ತಿಂಗಳು ನನಗೂ ಒಂದು ಸೈಕಲ್ ಬಂತು.

ಓಡಿಸುವುದು ಸುಲಭ, ಬೆಂಗಳೂರಿನ ರಸ್ತೆಯಲ್ಲಿ ಓಡಿಸುವುದು ಬೇರೆಯದೇ ವಿದ್ಯೆ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಅಬ್ಬಿಗೆರೆಯ ತಿರುವಿನಲ್ಲಿ ಯಾರೋ ಮನೆ ಕಟ್ಟಲು ತರಿಸಿದ್ದ ಮರಳು ರಸ್ತೆಗೆ ಚೆಲ್ಲಿತ್ತು. ಅದರ ಮೇಲೆ ಹ್ಯಾಂಡಲ್ ತಿರುಗಿಸಿದೆ, ಮರುಕ್ಷಣ ನೆಲದ ಮೇಲಿದ್ದೆ. ಇನ್ನೊಂದು ದಿನ ಚರಂಡಿಯ ಮೇಲಿನ ಕಬ್ಬಿಣದ ಸರಳುಗಳ ಸಂದಿಗೆ ನನ್ನ ಮುಂದಿನ ಚಕ್ರ ಇನ್ನೇನು ಇಳಿಯಬೇಕು, ವಾರಗಿತ್ತಿ ಕಿರುಚಿದಳು, ತಪ್ಪಿಸಿಕೊಂಡೆ. ಆ ದಿನದಿಂದ ನಾವಿಬ್ಬರೂ ಒಂದು ಕೂಗಿನ ಭಾಷೆ ಮಾಡಿಕೊಂಡೆವು. ಮುಂದೆ ಇರುವವರು "ಗುಂಡಿ!", "ಹಂಪ್!", "ಮರಳು!" ಎಂದು ಕೂಗಬೇಕು, ಕೈಯಿಂದ ದಿಕ್ಕು ತೋರಿಸಬೇಕು. ಹಿಂದೆ ಇರುವವರು "ಬಸ್ ಬಂತು!" ಎಂದು ಹೇಳಬೇಕು. ಯಲಹಂಕದ ವಾಯುನೆಲೆಯ ವಿಮಾನ ತಲೆಯ ಮೇಲೆ ಹಾರಿದರೆ ಹಿಂದಿನ ಹಾರನ್ ಒಂದೂ ಕೇಳುವುದಿಲ್ಲ. ಆಗ ಇಬ್ಬರೂ ಮಾತಿಲ್ಲದೆ ನಿಧಾನಿಸುತ್ತಿದ್ದೆವು.

ನಾಯಿಗಳದು ಇನ್ನೊಂದು ಕಥೆ. ಸೈಕಲ್ ಓಡಿದಷ್ಟೂ ಅವು ಅಟ್ಟಿಸಿಕೊಂಡು ಬರುತ್ತವೆ. ಒಮ್ಮೆ ಐದಾರು ಸೇರಿ ಸುತ್ತುವರಿದಾಗ ವಾರಗಿತ್ತಿ ಥಟ್ಟನೆ ಇಳಿದು, ಸೈಕಲನ್ನು ತನಗೂ ನಾಯಿಗಳಿಗೂ ನಡುವೆ ನಿಲ್ಲಿಸಿಕೊಂಡು, ದೊಡ್ಡ ದನಿಯಲ್ಲಿ "ಮನೆಗ್ ಹೋಗು! ಎಲ್ರೂ ಮನೆಗ್ ಹೋಗಿ!" ಎಂದು ಗದರಿದಳು. ಬೀದಿ ನಾಯಿಗೆ ಯಾವ ಮನೆ? ಆದರೂ ಅವು ಒಂದರ ಮುಖ ಒಂದು ನೋಡಿಕೊಂಡು ಹಿಂದೆ ಸರಿದವು! ನಾನು ತರಗತಿಯಲ್ಲಿ ಬಳಸುವ ದನಿಯೂ ಅಲ್ಲಿಂದಾಚೆಗೆ ರಸ್ತೆಯಲ್ಲಿ ಕೆಲಸಕ್ಕೆ ಬಂತು.

ಹೀಗೆ ಒಂದು ವರ್ಷ ಭಾನುವಾರ ಎಂದರೆ ಹಬ್ಬವಾಗಿತ್ತು. ಆಮೇಲೆ ಯಲಹಂಕ ಹಳೇ ಪಟ್ಟಣದ ಆ ಬೆಳಗು ಬಂತು.

ರಸ್ತೆ ಖಾಲಿಯಿತ್ತು. ಎಡಕ್ಕೆ ಸಾಲಾಗಿ ಕಾರುಗಳು ನಿಂತಿದ್ದವು. ಅವಳು ಮುಂದೆ, ನಾನು ಹಿಂದೆ. ಒಂದು ಬಿಳೀ ಕಾರಿನ ಚಾಲಕನ ಬಾಗಿಲು ಇದ್ದಕ್ಕಿದ್ದಂತೆ ರಸ್ತೆಗೆ ಪೂರ್ತಿ ತೆರೆದುಕೊಂಡಿತು. ಬ್ರೇಕ್ ಹಿಡಿಯಲೂ ಅವಳಿಗೆ ಹೊತ್ತಿರಲಿಲ್ಲ. ಬಾಗಿಲಿನ ಅಂಚಿಗೆ ಹ್ಯಾಂಡಲ್ ಬಡಿದು, ಅವಳು ಬಾಗಿಲಿನ ಮೇಲಿಂದ ಹಾರಿ ಆಚೆ ಬಿದ್ದಳು. ನಾನು ಹೇಗೆ ನಿಂತೆನೋ ಗೊತ್ತಿಲ್ಲ, ಓಡಿದೆ.

ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. "ಅಕ್ಕಾ, ಸೈಕಲ್ ಏನಾಯ್ತು?"

"ಸೈಕಲ್ ಮನೆ ಹಾಳಾಗ್ಲಿ! ಎಲ್ಲಿ ನೋವು ಹೇಳು!"

ಹೆಲ್ಮೆಟ್ ಬಿರುಕು ಬಿಟ್ಟಿತ್ತು, ತಲೆಗೆ ಏನೂ ಆಗಿರಲಿಲ್ಲ. ಆದರೆ ಬಲ ಹೆಗಲು ಕೆಳಗಿಳಿದಂತೆ ಕಾಣುತ್ತಿತ್ತು. ಕಾರಿನಿಂದ ಇಳಿದವರು ಪೂಜೆಗೆ ಹೂವು ಕೊಳ್ಳಲು ಬಂದಿದ್ದ ಒಬ್ಬ ಹಿರಿಯರು. ಪಾಪ, ಅವರ ಮುಖ ಅವರ ಪಂಚೆಯಷ್ಟೇ ಬಿಳಿಚಿಕೊಂಡಿತ್ತು. "ನೋಡ್ಲೇ ಇಲ್ಲಮ್ಮ, ನೋಡ್ಲೇ ಇಲ್ಲ" ಎಂದು ಹೇಳುತ್ತಲೇ ಅದೇ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಕಾಲರ್ ಬೋನ್ ಮುರಿದಿದೆ ಎಂದರು ಡಾಕ್ಟರು. ತೋಳನ್ನು ಜೋಲಿಯಲ್ಲಿ ಕಟ್ಟಿಸಿಕೊಂಡು ಕೂತ ನನ್ನ ವಾರಗಿತ್ತಿ ಆ ಹಿರಿಯರಿಗೆ ಹೇಳಿದ್ದೇನು ಗೊತ್ತೇ?

"ಅಂಕಲ್, ಇನ್ಮೇಲೆ ಕಾರ್ ಬಾಗಿಲನ್ನ ಎಡಗೈಲಿ ತೆಗೀರಿ. ಆಗ ಮೈ ತಾನಾಗೇ ಹಿಂದಕ್ ತಿರುಗುತ್ತೆ, ಯಾರ್ ಬರ್ತಿದಾರೆ ಅಂತ ಕಾಣುತ್ತೆ."

ಅವರು ಅಲ್ಲೇ ಕುರ್ಚಿಯಲ್ಲಿ ಕುಳಿತು, ಇಲ್ಲದ ಬಾಗಿಲನ್ನು ಎಡಗೈಯಲ್ಲಿ ತೆರೆದು ನೋಡಿದರು. "ಹೌದಲ್ಲಮ್ಮ!" ಎಂದು ಕಣ್ಣೊರೆಸಿಕೊಂಡರು.

ಮನೆಯಲ್ಲಿ ಮಾತ್ರ ಬಿರುಗಾಳಿ ಎದ್ದಿತು. ಮೈದುನ ಎರಡೂ ಸೈಕಲ್ಲುಗಳನ್ನು ಟೆರೇಸಿನ ಕೋಣೆಗೆ ಹಾಕಿ ಬೀಗ ಜಡಿದ. ಅತ್ತೆ ಬೇಳೆಯ ಮೊರ ಪಕ್ಕಕ್ಕಿಟ್ಟು, "ಇಂಗೆ ಬೀದಿ ಮೇಲೆ ಮೂಳೆ ಮುರ್ಕೊಳಕ್ಕೆ ನಮ್ ಮನೇಗ್ ಬಂದ್ರಾ ನೀವು?" ಎಂದರು. ನನಗೂ ಹೆದರಿಕೆ ಹೊಕ್ಕಿತ್ತು. ಆಮೇಲೆ ಎಷ್ಟೋ ದಿನ ಬಾಗಿಲು ತೆರೆಯುವ ಆ ಸದ್ದು ಪಾಠದ ನಡುವೆಯೂ ಕಿವಿಯಲ್ಲಿ ಕೇಳುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಎಚ್ಚರವಾದರೆ ಕಾಲು ತಾನಾಗಿ ತುಡಿಯುತ್ತಿತ್ತು. ಮೇಲಿನ ಮನೆಯಲ್ಲಿ ಅವಳೂ ಎದ್ದು ಓಡಾಡುವ ಸದ್ದು ಕೇಳುತ್ತಿತ್ತು.

ಮೂಳೆ ಕೂಡಿಕೊಂಡಿತು, ತೋಳಿಗೆ ಬಲ ಬಂತು. ಡಾಕ್ಟರು ಸೈಕಲ್ ತುಳಿಯಬಹುದು ಎಂದ ದಿನ ಅವಳು ನೇರ ಅತ್ತೆಯ ಬಳಿ ಹೋದಳು. ನಾನು ಹಿಂದೆ ನಿಂತಿದ್ದೆ.

"ಅತ್ತೆ, ನಾನ್ ಮತ್ತೆ ಹೋಗ್ಬೇಕು. ಈಗ ಹೋಗ್ದೆ ಇದ್ರೆ ಭಯ ಒಳಗೇ ಕೂತ್ಬಿಡುತ್ತೆ."

ಅತ್ತೆ ಅವಳ ಹೆಗಲ ಮೂಳೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಓಗು. ಆದ್ರೆ ನಾನೂ ಬತ್ತೀನಿ" ಎಂದರು.

"ನೀವಾ? ಸೈಕಲ್ ಮೇಲಾ?"

"ಸೈಕಲ್ ಮೇಲೆ ಯಾಕೆ? ಆಟೋದಾಗೆ!"

ಅತ್ತೆಯ ಮಾತಿಗೆ ಮೈದುನ ಬೀಗ ತೆಗೆದ, ಅವಳ ಸೈಕಲ್ಲನ್ನು ರಿಪೇರಿ ಮಾಡಿಸಿದ. ಹಾಗೆ ಆ ಭಾನುವಾರ ನಮ್ಮ ಬೀದಿಯಿಂದ ಒಂದು ಮೆರವಣಿಗೆ ಹೊರಟಿತು. ಮುಂದೆ ಎರಡು ಸೈಕಲ್, ಹಿಂದೆ ನಮ್ಮ ಬೀದಿಯದೇ ಆಟೋ. ಆಟೋದಲ್ಲಿ ರೇಷ್ಮೆಯಂಚಿನ ಸೀರೆಯುಟ್ಟ ಅತ್ತೆ, ಅವರ ಪಕ್ಕದಲ್ಲಿ ನೀರಿನ ಬಾಟಲಿ, ಅರಿಶಿನದ ಪೊಟ್ಟಣ. ರಾಜಾನುಕುಂಟೆಯವರೆಗೆ ಹೋಗಿ ತಿಂಡಿ ತಿಂದು ಬರುವುದೆಂದು ಮಾತಾಗಿತ್ತು. ಆಟೋದವನಿಗೆ ಇದು ಬಹಳ ಹಿಡಿಸಿತು. "ಮಂತ್ರಿ ಕಾರಿಗೂ ಇಂಥ ಎಸ್ಕಾರ್ಟ್ ಇರಲ್ಲ ಕಣಮ್ಮ!" ಎಂದು ಎರಡೂ ಇಂಡಿಕೇಟರ್ ಮಿನುಗಿಸುತ್ತಾ ಹಿಂದೆ ಬಂದ.

ಯಲಹಂಕ ನ್ಯೂ ಟೌನ್ ಸಿಗುವವರೆಗೂ ವಾರಗಿತ್ತಿ ರಸ್ತೆಯ ಎಡ ಅಂಚಿಗೇ ಅಂಟಿಕೊಂಡು ತುಳಿದಳು. ನಿಂತ ಕಾರುಗಳ ಸಾಲು ಕಂಡ ಕೂಡಲೇ ಅವಳ ವೇಗ ಇಳಿಯುತ್ತಿತ್ತು, ಹೆಗಲು ಕಿವಿಗೇರುತ್ತಿತ್ತು. ನಾನು ಅವಳ ಪಕ್ಕಕ್ಕೆ ಹೋದೆ. "ಕಾರಿಂದ ಒಂದ್ ಬಾಗಿಲಷ್ಟು ದೂರ ಬಾ. ಹಿಂದಿನೋರಿಗೆ ಜಾಗ ಬಿಡ್ಬೇಕು ಅಂತ ಅಂಚಿಗೆ ಹೋಗ್ಬೇಡ. ಹಾರನ್ ಹೊಡ್ಕೊಳ್ಲಿ."

"ಬೈತಾರೆ ಅಕ್ಕಾ."

"ಬೈದ್ರೆ ಮೂಳೆ ಮುರಿಯಲ್ಲ!"

ಅವಳು ಆ ದಿನ ಮೊದಲ ಸಲ ನಕ್ಕಳು. ರಸ್ತೆಯ ನಡುವಿಗೆ ಬಂದಳು. ಹಿಂದಿನಿಂದ ಒಬ್ಬ ಬೈಕಿನವನು ಸತತ ಹಾರನ್ ಬಾರಿಸಿದ. ಅವನ ಹಾರನ್ನಿಗಿಂತ ಜೋರಾಗಿ ಅತ್ತೆಯ ದನಿ ಕೇಳಿತು: "ಯಾವ್ ಗಂಟು ಓಯ್ತದಪ್ಪಾ ನಿಂದು? ಎಣ್ಮಕ್ಳು ಓಗ್ತಾವ್ರೆ, ಕಾಣಕ್ಕಿಲ್ವಾ?" ಅವನು ತಲೆ ತಗ್ಗಿಸಿ ಸುತ್ತಿಕೊಂಡು ಹೋದ.

ದೊಡ್ಡಬಳ್ಳಾಪುರದ ರಸ್ತೆ ಸೇರಿದ ಮೇಲೆ ಅವಳ ಕಾಲಿಗೆ ಹಳೆಯ ಲಯ ಸಿಕ್ಕಿತು. "ಗುಂಡಿ!" ಎಂದು ಕೂಗಿದಳು. ಎಷ್ಟು ತಿಂಗಳ ಮೇಲೆ ಆ ಕೂಗು ಕೇಳಿದ್ದೆ! ನನ್ನ ಮೈಯೆಲ್ಲ ಜುಮ್ಮೆಂದಿತು. ನಾವು ಬಾಗಿ, ಗೇರ್ ಏರಿಸಿ ತುಳಿಯತೊಡಗಿದೆವು. ಆಟೋ ಹಿಂದೆ ಬಿತ್ತು.

ಆಗಲೇ ನೀರಿನ ಟ್ಯಾಂಕರ್ ಒಂದು ನಮ್ಮನ್ನು ಹಿಂದೆ ಹಾಕಲು ಬಲಗಡೆಯಿಂದ ಬಂತು. ಅದರ ಅರ್ಧ ಮೈ ನಮ್ಮನ್ನು ದಾಟಿತ್ತು, ಅರ್ಧ ನಮ್ಮ ಪಕ್ಕದಲ್ಲೇ ಇತ್ತು. ನಾನು ನನ್ನ ದಾರಿ ನೋಡುತ್ತಿದ್ದೆ. ಮುಂದಿದ್ದ ವಾರಗಿತ್ತಿ ಅದರ ಮುಂದಿನ ಚಕ್ರ ನೋಡುತ್ತಿದ್ದಳು. ಅದು ಎಡಕ್ಕೆ ತಿರುಗತೊಡಗಿತ್ತು.

"ಬ್ರೇಕ್ ಅಕ್ಕಾ! ಬ್ರೇಕ್!"

ಯಾಕೆಂದು ಕೇಳಲಿಲ್ಲ. ಮೈಯನ್ನು ಸೀಟಿನ ಹಿಂದಕ್ಕೆ ಎಳೆದುಕೊಂಡು ಎರಡೂ ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಜಾರಿ ಹಾವಿನಂತೆ ಹೊರಳಿತು, ಆದರೆ ಬೀಳಲಿಲ್ಲ. ನಮ್ಮ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಟ್ಯಾಂಕರ್ ಯಾವ ಸೂಚನೆಯೂ ಇಲ್ಲದೆ ಎಡಕ್ಕೆ ಹೊರಳಿ ಒಂದು ಲೇಔಟಿನ ಅಡ್ಡರಸ್ತೆಗೆ ನುಗ್ಗಿತು. ಅದರ ಹಿಂದಿನ ಚಕ್ರಗಳು ನಾವಿರಬೇಕಾಗಿದ್ದ ಜಾಗದ ಮೇಲೆ ಉರುಳಿದವು. ಟ್ಯಾಂಕಿನ ಬಾಯಿಂದ ತುಳುಕಿದ ತಣ್ಣೀರು ನಮ್ಮಿಬ್ಬರ ತಲೆಯ ಮೇಲೆ ಸುರಿಯಿತು.

ಒಂದು ಗಳಿಗೆ ಇಬ್ಬರೂ ತೊಯ್ದ ಕೋಳಿಗಳ ಹಾಗೆ ನಿಂತಿದ್ದೆವು. ಆಮೇಲೆ ಅವಳು ಕಿರುಚಿದಳು, "ನಿಂತ್ವಿ ಅಕ್ಕಾ! ನಾವ್ ನಿಂತ್ವಿ!"

ಅಷ್ಟರಲ್ಲಿ ಆಟೋ ಬಂದು ಟ್ಯಾಂಕರಿನ ಹಿಂದೆಯೇ ನಿಂತಿತು. ಅಡ್ಡರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಟ್ಯಾಂಕರಿನ ಚಾಲಕ ಗಾಡಿ ನಿಲ್ಲಿಸಿದ್ದ. ಅತ್ತೆ ಇಳಿದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದರು.

"ಏನಪ್ಪಾ, ಕಣ್ಣು ಟ್ಯಾಂಕಿನೊಳಗೆ ಮಡಗಿದ್ದೀಯಾ? ನನ್ ಸೊಸೇರು ನಿನ್ ಚಕ್ರದ ಅಡೀಲಿರೋರು ಈಗ!"

ಚಾಲಕ ಹೆದರಿಬಿಟ್ಟ. ಇನ್ನೂ ಎಳೆಯ ಮೀಸೆಯ ಯುವಕ. "ಸತ್ಯವಾಗ್ಲೂ ಕಾಣ್ಲಿಲ್ಲ ಕಣಮ್ಮ. ದೇವ್ರಾಣೆ."

"ಇಬ್ರು ಎಂಗಸ್ರು ಕಾಣ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ?"

ವಾರಗಿತ್ತಿ ಅವರ ನಡುವೆ ಹೋದಳು. "ಅತ್ತೆ, ಇರಿ. ಗುರು, ನಾನೊಂದ್ಸಲ ಹತ್ತಿ ನೋಡ್ಲಾ? ನಿಮಗ್ ಎಷ್ಟ್ ಕಾಣುತ್ತೆ ಅಂತ?"

ಚಾಲಕ ಬೆರಗಾಗಿ ಬಾಗಿಲು ತೆರೆದ. ಅವಳು ನನಗೆ ಗಾಡಿಯ ಪಕ್ಕ ನಿಲ್ಲಲು ಹೇಳಿ, ಹತ್ತಿ ಅವನ ಸೀಟಿನಲ್ಲಿ ಕೂತಳು. ನಾನು ನನ್ನ ಸೈಕಲ್ ಹಿಡಿದು, ಆಗ ಇದ್ದ ಜಾಗದಲ್ಲೇ, ಟ್ಯಾಂಕರಿನ ಎಡ ಮೈಗೆ ಅಂಟಿ ನಿಂತೆ. ಮೇಲಿನಿಂದ ಅವಳ ದನಿ ಬಂತು: "ಅಕ್ಕಾ, ಎಲ್ಲಿದೀರ? ನಿಂತ್ಕೊಳಿ ಅಂದ್ನಲ್ಲ!"

"ಇಲ್ಲೇ ಇದೀನಿ ಕಣೇ!"

"ಕಾಣ್ತಿಲ್ಲ! ಕನ್ನಡೀಲೂ ಇಲ್ಲ!"

ಅತ್ತೆಗೆ ಇದನ್ನು ತಡೆಯಲಾಗಲಿಲ್ಲ. "ಇಳಿ ನೀನು, ನಾನ್ ನೋಡ್ತೀನಿ" ಎಂದು ಒಂದು ಕೈಯನ್ನು ಆಟೋದವನಿಗೂ ಇನ್ನೊಂದನ್ನು ಚಾಲಕನಿಗೂ ಕೊಟ್ಟು, ಎಪ್ಪತ್ತರ ಹತ್ತಿರದ ಅತ್ತೆ ಟ್ಯಾಂಕರ್ ಹತ್ತಿಬಿಟ್ಟರು! ಕನ್ನಡಿಯಲ್ಲಿ ಬಗ್ಗಿ ಬಗ್ಗಿ ನೋಡಿದರು. ನಾವಿಬ್ಬರೂ ಕೆಳಗೆ ಪಕ್ಕ ಪಕ್ಕದಲ್ಲಿ ನಿಂತಿದ್ದೆವು.

"ಏಯ್, ಎಲ್ ಓದ್ರೇ ಇಬ್ರೂವೆ?"

"ಇಲ್ಲೇ ಇದೀವಿ ಅತ್ತೆ!"

"ಅಯ್ಯೋ ಶಿವನೇ! ಇಡೀ ಇಬ್ರನ್ನೂ ನುಂಗಾಕ್ಬಿಡ್ತಲ್ಲೋ ಈ ಗಾಡಿ!"

ನಾವು ನಾಲ್ಕು ಹೆಜ್ಜೆ ಹಿಂದಕ್ಕೆ, ಟ್ಯಾಂಕರಿನಿಂದ ದೂರ ಸರಿದೆವು. "ಹಾಂ, ಈಗ್ ಕಂಡ್ರಿ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಇಳಿದ ಮೇಲೆ ಚಾಲಕನಿಗೆ, "ನೀನು ತಿರುಗೋವಾಗ ಲೈಟಾಕು. ಸುಳ್ಳೇಳ್ತೀಯ ಅನ್ಕೊಂಡಿದ್ದೆ, ಇಲ್ಲ" ಎಂದರು. ಅವನು ಕೈ ಮುಗಿದ. ತನ್ನ ಟವೆಲ್ಲನ್ನು ತಲೆ ಒರೆಸಿಕೊಳ್ಳಲು ನಮಗೆ ಕೊಟ್ಟ.

ರಾಜಾನುಕುಂಟೆಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಹೊಗೆಯಾಡುತ್ತಾ ಬಂತು. ನಮ್ಮ ಬಟ್ಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಇಡ್ಲಿಯಷ್ಟು ರುಚಿಯಾದ ಇಡ್ಲಿಯನ್ನು ನಾನು ತಿಂದೇ ಇಲ್ಲ. ಅತ್ತೆ ತಿನ್ನುವುದಕ್ಕಿಂತ ಹೆಚ್ಚು ಮಾತಾಡಿದರು. ಹೋಟೆಲಿನವನಿಗೆ, ಪಕ್ಕದ ಮೇಜಿನವರಿಗೆ, ಆಟೋದವನಿಗೆ, ಎಲ್ಲರಿಗೂ ಟ್ಯಾಂಕರಿನ ಮೇಲಿನಿಂದ ಜಗತ್ತು ಹೇಗೆ ಕಾಣುತ್ತದೆ ಎಂದು ವಿವರಿಸಿದರು. ಆಮೇಲೆ ಚಟ್ನಿ ಮೆತ್ತಿದ ಬೆರಳನ್ನು ನಮ್ಮಿಬ್ಬರ ಕಡೆ ತೋರಿಸಿದರು.

"ದೊಡ್ಡ ಗಾಡಿ ಪಕ್ಕ ಇರ್ಬ್ಯಾಡಿ. ಒಂದೋ ಮುಂದೆ ಓಗಿ, ಇಲ್ಲಾ ಇಂದೆ ಇರಿ. ಪಕ್ಕ ಇದ್ರೆ ನೀವು ಇಲ್ಲ ಅಂತ್ಲೇ ಲೆಕ್ಕ."

ವಾರಗಿತ್ತಿ ತಲೆಯಾಡಿಸಿದಳು. ಅವಳ ಕಣ್ಣುಗಳು ಮಿಂಚುತ್ತಿದ್ದವು. ಮೇಜಿನ ಕೆಳಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಪೆಟ್ಟು ಬಿದ್ದಿದ್ದ ಬಲಗೈಯಲ್ಲೇ.

ಕಾಫಿ ಕುಡಿದು ಎದ್ದಾಗ ನಾವು ಮತ್ತೆ ಮೆರವಣಿಗೆಗೆ ಸಿದ್ಧರಾದೆವು. ಆದರೆ ಅತ್ತೆ ಆಟೋದಲ್ಲಿ ಕೂತು, "ನಾನ್ ಮುಂದೆ ಓಗ್ತೀನಿ. ಬೇಳೆ ಬೇಯಕ್ಕಿಡ್ಬೇಕು. ನೀವು ನಿಧಾನಕ್ಕೆ ಬನ್ನಿ" ಎಂದರು.

"ಹಿಂದೆ ಬರಲ್ವಾ ಅತ್ತೆ?" ಎಂದೆ.

"ಯಾಕೆ? ಇವ್ಳು ಚಕ್ರ ನೋಡ್ತಾಳೆ, ನೀನು ಇವ್ಳ ಮಾತು ಕೇಳ್ತೀಯ. ನಾನೇನ್ ಮಾಡ್ಲಿ?" ಎಂದು ಆಟೋದವನ ಬೆನ್ನು ತಟ್ಟಿದರು. ಆಟೋ ಹೊಗೆಯುಗುಳಿ ಹೊರಟುಹೋಯಿತು.

ನಾವು ಹೆಲ್ಮೆಟ್ ಪಟ್ಟಿ ಬಿಗಿದೆವು, ಹಿಂದಿನ ಕೆಂಪು ದೀಪ ಹಚ್ಚಿದೆವು. ಯಲಹಂಕದ ಕಡೆಗೆ ರಸ್ತೆ ಕೊಂಚ ಇಳಿಜಾರು, ಗಾಳಿಯೂ ಬೆನ್ನಿಗಿತ್ತು. ವಾರಗಿತ್ತಿ ಹಿಂದಕ್ಕೆ ತಿರುಗಿ ನೋಡಿ, ಬಲಗೈ ಅಗಲಕ್ಕೆ ಚಾಚಿ ಸಂಜ್ಞೆ ಕೊಟ್ಟು ರಸ್ತೆಗಿಳಿದಳು. ನಾನು ಅವಳ ಹಿಂದೆ. "ಬಸ್ ಬಂತು!" ಎಂದು ಕೂಗಿದೆ. ಅವಳು ಕೈಯೆತ್ತಿ ಕೇಳಿಸಿತು ಎಂದಳು. ಬಸ್ಸು ದಾಟಿ ಹೋಗಲು ಬಿಟ್ಟು, ಇಬ್ಬರೂ ಒಟ್ಟಿಗೆ ಗೇರ್ ಏರಿಸಿದೆವು.