ಟಾಕಿಯ ಏಣಿಗೆ ಹಾಕಿದ ಬೀಗ

ನಾನು ಹುಟ್ಟಾ ಪುಕ್ಕಲ. ಬಂದರಿನ ಹಿಂದಿನ ಗುಡ್ಡದ ಮೇಲಿದ್ದ ನೀರಿನ ಟಾಕಿಯ ದುರಸ್ತಿಗೂ ಭದ್ರತೆಗೂ ಯೋಜನೆ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದೇ ಅದಕ್ಕೆ. “ಹೆದರುವವನೇ ಬೀಗ ಸರಿಯಾಗಿ ಹಾಕ್ತಾನೆ” ಎಂದು ನಮ್ಮ ಇಂಜಿನಿಯರ್ ಸಾಹೇಬರು ನಕ್ಕಿದ್ದರು. ಎರಡು ಸಾವಿರದ ಇಸವಿ ಕಳೆದ ಆ ವರ್ಷಗಳಲ್ಲಿ ಪೇಪರು ಬಿಡಿಸಿದರೆ ಬಾಂಬಿನ ಸುದ್ದಿ. ಊರಿನ ನೀರಿಗೆ ಯಾರಾದರೂ ಏನಾದರೂ ಬೆರೆಸಿದರೆ ಗತಿಯೇನು ಎಂಬ ದಿಗಿಲು ನಮ್ಮ ಕಚೇರಿಯೊಳಗೂ ಬಂದು ಕೂತಿತ್ತು.

ಪರಿಶೀಲನೆಗೆ ಹೋದ ದಿನ ನಾನು ಏಣಿಯ ಅರ್ಧಕ್ಕೇ ನಿಂತುಬಿಟ್ಟೆ. ಮೇಲಿನ ಮೆಟ್ಟಿಲುಗಳ ಕಬ್ಬಿಣವನ್ನು ಉಪ್ಪುಗಾಳಿ ತಿಂದುಹಾಕಿತ್ತು. ಉಗುರಿನಿಂದ ಕೆರೆದರೂ ಪುಡಿ ಉದುರುತ್ತಿತ್ತು. ಹೊಸ ಏಣಿ, ಅದರ ಸುತ್ತ ಸರಳಿನ ಗೂಡು, ಟಾಕಿಯ ಮುಚ್ಚಳಕ್ಕೆ ಬೀಗ, ಗುಡ್ಡದ ತಲೆಗೆ ತಂತಿಬೇಲಿ, ಒಬ್ಬ ಕಾವಲುಗಾರ ಎಂದೆಲ್ಲ ಬರೆದೆ. ಅದೆಲ್ಲ ಮಂಜೂರಾಗುವ ತನಕ ಇರಲಿ ಎಂದು ಏಣಿಯ ಬುಡಕ್ಕೆ ಒಂದು ಕಬ್ಬಿಣದ ಬಾಗಿಲು ಕೂಡಿಸಿ ಬೀಗ ಜಡಿಸಿದೆ. ಕೀಲಿ ನನ್ನ ಜೇಬಿನಲ್ಲೇ ಇತ್ತು.

ನನ್ನ ಭಯ ಬಾಂಬಿನವರದಲ್ಲ, ನಮ್ಮವರದೇ. ನಾವು ಮೀನುಗಾರರ ಮನೆಯವರು. ನಮ್ಮ ಬೈತಖೋಲ ಬಂದರಿನ ಬೋಟುಗಳು ತಡವಾದರೆ ನಮ್ಮ ಕೇರಿಯ ಹೆಂಗಸರು ಗುಡ್ಡ ಹತ್ತಿ, ಒಬ್ಬರನ್ನು ಟಾಕಿಯ ಮೇಲೆ ಕಳಿಸುತ್ತಿದ್ದರು. ಅಲ್ಲಿಂದ ದ್ವೀಪಗಳ ಆಚೆಯ ಕಡಲೂ ಕಾಣುತ್ತದೆ. ಬೋಟು ಕಂಡರೆ ಮೇಲಿದ್ದವರು ಬಟ್ಟೆ ಬೀಸಬೇಕು. ಕಾಣದಿದ್ದರೆ ಕಾಣಲಿಲ್ಲ ಎಂದು ಬಾಯಿಬಿಟ್ಟು ಹೇಳಬಾರದು, ಬರಿಗೈಯಲ್ಲಿ ಇಳಿಯಲೂಬಾರದು. ಹಾಗೆ ಇಳಿದರೆ ಬೋಟನ್ನು ನಾವೇ ಕಡಲಿಗೆ ಬಿಟ್ಟುಕೊಟ್ಟಂತೆ ಎಂದು ಅಜ್ಜಿಯಂದಿರ ಕಾಲದಿಂದ ನಂಬಿಕೆ.

ಬೀಗ ಹಾಕಿದ ವಾರವೇ ಗಾಳಿ ಎದ್ದಿತು. ಮಳೆಗಾಲದ ರಜೆ ಮುಗಿದು ಬೋಟುಗಳು ಆಗಷ್ಟೇ ಕಡಲಿಗೆ ಇಳಿದಿದ್ದವು. ಸಂಜೆಯ ಹೊತ್ತಿಗೆ ಎಲ್ಲವೂ ವಾಪಸಾದವು, ನನ್ನ ಭಾವ ದುಡಿಯುತ್ತಿದ್ದ ಬೋಟೊಂದನ್ನು ಬಿಟ್ಟು. ನಾನು ಗುಡ್ಡಕ್ಕೆ ಓಡಿದಾಗ ಅಕ್ಕ ಸೀರೆ ಎತ್ತಿ ಕಟ್ಟಿ, ಆ ಕಬ್ಬಿಣದ ಬಾಗಿಲಿನ ಮೇಲೆ ಒಂದು ಕಾಲು ಹಾಕಿಯಾಗಿತ್ತು.

“ಅಕ್ಕಾ, ಏಣಿ ತುಕ್ಕು ಹಿಡ್ದದೆ, ಹತ್ಬೇಡ!” ಎಂದೆ.

“ಹಂಗಾರೆ ನೀ ಹತ್ತು. ಇಲ್ಲಾ ಅಂದ್ರೆ ನಾ ಹತ್ತೂದೇ.”

ಅವಳನ್ನು ಕೆಳಗಿಳಿಸಿ ಬೀಗ ತೆಗೆದೆ. ಬೇರೆ ದಾರಿಯಿರಲಿಲ್ಲ. ಮೆಟ್ಟಿಲುಗಳು ಎಷ್ಟು ಸವೆದಿವೆಯೆಂದು ನನಗೇ ಗೊತ್ತಿದ್ದರಿಂದ ಒಂದೊಂದರ ಮೇಲೆ ಕಾಲಿಡುವಾಗಲೂ ಜೀವ ಬಾಯಿಗೆ ಬರುತ್ತಿತ್ತು. ತುದಿಗೆ ಹತ್ತಿರವಾದಾಗ ಒಂದು ಮೆಟ್ಟಿಲು ಕಾಲಡಿಯಲ್ಲೇ ಕಿತ್ತು ಕೆಳಗೆ ಹೋಯಿತು. ಕೆಳಗಿದ್ದ ಹೆಂಗಸರು ಕಿರುಚಿದರು. ಹೇಗೋ ಮೇಲೆ ತೆವಳಿ ಮುಚ್ಚಳದ ಪಕ್ಕ ಹೊಟ್ಟೆಯ ಮೇಲೆ ಮಲಗಿದೆ. ಗಾಳಿ ಅಂಗಿಯನ್ನು ಎಳೆಯುತ್ತಿತ್ತು.

ತಲೆ ಎತ್ತಿ ನೋಡಿದೆ. ಬೂದು ನೀರು, ಬಿಳಿ ನೊರೆ. ಬೋಟು ಇರಲಿಲ್ಲ.

“ತಮಾ, ಕಾಣ್ತದನಾ?” ಅಕ್ಕ ಕೂಗಿದಳು. ಮತ್ತೆ ಕೂಗಿದಳು. ಇಲ್ಲ ಎನ್ನುವಂತಿಲ್ಲ, ಇಳಿಯುವಂತೆಯೂ ಇಲ್ಲ. ಯಾರೂ ಹತ್ತಬಾರದೆಂದು ನಾನೇ ಬರೆದ ಜಾಗದಲ್ಲಿ ಕಡಲಿನ ಕಡೆಗೇ ಮುಖ ಮಾಡಿ ಬಿದ್ದಿದ್ದೆ. ಭಾವನಿಗಾಗಿ ಹೆದರಿದೆನೋ ನನಗಾಗಿಯೋ ಎಂದು ಕೇಳಿದರೆ, ಆ ಹೊತ್ತಿಗೆ ನನಗಾಗಿಯೇ.

ಬೆಳಕು ಇಳಿಯತೊಡಗಿತು. ಆಮೇಲೆ ಅಕ್ಕನ ದನಿ ಬಂತು, ಅಳುವಿನಲ್ಲಿ ಒಡೆದಿತ್ತು.

“ಇಳ್ದು ಬಾ ತಮಾ. ಬೋಟು ಕಾಣ್ದಿದ್ರೂ ಅಡ್ಡಿಲ್ಲ. ನೀನೂ ಹೋದ್ರೆ ನಾ ಯಾರ್ನ ಕಾಯ್ಲಿ?”

ಉಳಿದ ಹೆಂಗಸರು ಅವಳ ಬಾಯಿ ಮುಚ್ಚಲು ನೋಡಿದರು. ಅವಳು ಬಿಡಲಿಲ್ಲ. ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಕಿತ್ತುಹೋದ ಮೆಟ್ಟಿಲಿನ ಜಾಗವನ್ನು ಕಾಲಿಂದ ತಡವಿ ದಾಟಿ, ನಾನು ಬರಿಗೈಯಲ್ಲಿ ಇಳಿದೆ. ಅವಳು ನನ್ನ ತೋಳು ಹಿಡಿದಳು, ಮನೆ ಮುಟ್ಟುವ ತನಕ ಬಿಡಲಿಲ್ಲ.

ಭಾವನ ಬೋಟು ಮಾರನೇ ದಿನ ಬಂತು. ಇಂಜಿನ್ ಕೆಟ್ಟು, ದ್ವೀಪವೊಂದರ ಮರೆಯಲ್ಲಿ ಲಂಗರು ಹಾಕಿ ಕೂತಿದ್ದರಂತೆ. ಅಕ್ಕ ಅವನಿಗೆ ಊಟ ಬಡಿಸಿ, ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಳು.

ಕೆಲವು ತಿಂಗಳಲ್ಲಿ ನನ್ನ ಯೋಜನೆ ಮಂಜೂರಾಯಿತು. ಹೊಸ ಏಣಿ, ಗೂಡು, ತಂತಿಬೇಲಿ, ಕಾವಲುಗಾರ, ಎಲ್ಲವೂ ಬಂದವು. ಟಾಕಿ ಭದ್ರವಾಯಿತು, ನಮ್ಮವರು ಯಾರೂ ಈಗ ಅದರ ಹತ್ತಿರ ಸುಳಿಯುವುದಿಲ್ಲ. ಗಾಳಿ ಎದ್ದ ಸಂಜೆ ಅವರು ಬಂದರಿನ ಅಲೆತಡೆಯ ಕಲ್ಲುಗಳ ಮೇಲೆ, ಪಾಚಿ ಕಟ್ಟಿದ ತುದಿಯವರೆಗೂ ಹೋಗಿ ನಿಲ್ಲುತ್ತಾರೆ. ಎಲ್ಲರಿಗಿಂತ ಮುಂದೆ ಅಕ್ಕ ಇರುತ್ತಾಳೆ. ಆ ಕಲ್ಲುಗಳಿಗೆ ಬೀಗ ಹಾಕುವುದು ಹೇಗೆಂದು ನನಗೆ ತಿಳಿದಿಲ್ಲ. ಅವಳ ಸೆರಗು ಹಿಡಿದುಕೊಂಡು ಹಿಂದೆ ನಿಲ್ಲುತ್ತೇನೆ, ಅಷ್ಟೇ.