ನಮ್ಮವರ ತೊಟ್ಟಿಲಿಗೆ ನಾನೇ ಸಮುದ್ರ

ಮದುವೆಯಾಗಿ ಬಂದ ಹೊಸತರಲ್ಲಿ ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ಏನೇನೋ ಕೆಲಸ ಹೇಳುತ್ತಾರೆ. ನನಗೆ ಹೇಳಿದ ಕೆಲಸ ಸಮುದ್ರವಾಗುವುದು. ಇಂದಿಗೂ ಬಿಡುಗಡೆ ಸಿಕ್ಕಿಲ್ಲ.

ನಮ್ಮವರು ಹಾಯಿ ಹೊಲಿಯುವವರು. ಆದರೆ ಅವರು ಹೆಸರು ಮಾಡಿದ್ದು ಹಾಯಿಯಿಂದಲ್ಲ. ಹಾಯಿದೋಣಿಯಲ್ಲೇ ಸಂಸಾರ ಹೂಡಿ ತಿರುಗುವವರು ಇರುತ್ತಾರಲ್ಲ, ಅವರ ಪುಟ್ಟ ಮಕ್ಕಳಿಗೆ ಮಲಗಲು, ಆಡಲು ಜಾಗ ಮಾಡಿಕೊಡುವುದರಿಂದ. ದೋಣಿ ವಾಲಿದಾಗ ಮಗು ಹಲಗೆಯಿಂದ ಉರುಳಬಾರದು. ಅದಕ್ಕೆ ಹಾಸಿಗೆಯ ಪಕ್ಕದಲ್ಲಿ ಕ್ಯಾನ್ವಾಸಿನ ಗೋಡೆ, ಮೇಲೆ ಬಲೆ, ಮಗುವಿನ ಕೈಗೆ ಎಟುಕದ ಹಾಗೆ ಹೊರಗಡೆ ಕೊಂಡಿ. ಆಡುವಾಗ ನೀರಿಗೆ ಬೀಳಬಾರದು. ಅದಕ್ಕೆ ದೋಣಿಯ ಅಂಚಿನ ಕಂಬಿಗಳಿಗೆಲ್ಲ ಬಲೆ, ಮಗುವಿನ ಸೊಂಟಕ್ಕೆ ಪಟ್ಟಿ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ತಲೆನೋವು ಇರುವುದು ಪರೀಕ್ಷೆಯಲ್ಲಿ.

ತಾವೇ ಮಲಗಿ ನೋಡದ ಹಾಸಿಗೆಯನ್ನು ನಮ್ಮವರು ಯಾರಿಗೂ ಕೊಡುವುದಿಲ್ಲ. ಹೊಲಿಗೆ ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ಹಲಗೆಯ ಪೆಟ್ಟಿಗೆಯೊಂದನ್ನು ತೂಗುಹಾಕಿದ್ದಾರೆ, ಅದು ದೋಣಿಯಂತೆ. ಪೆಟ್ಟಿಗೆಯೊಳಗೆ ಮಗುವಿನ ಹಾಸಿಗೆ, ಹಾಸಿಗೆಯೊಳಗೆ ಆನೆಮರಿಯಂಥ ನಮ್ಮವರು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿಕೊಂಡು. ನಾನು ಕೊಂಡಿ ಹಾಕಿ ಅಲ್ಲಾಡಿಸಬೇಕು.

"ಜೋರಾಗಿ ಕಣೇ! ಇದೇನು ಸಮುದ್ರಾನಾ? ಕೆರೆ!"

"ಒಲೆ ಮೇಲೆ ಹಾಲಿಟ್ಟು ಬಂದಿದೀನಿ ರೀ. ಇವತ್ತಿಗೆ ಸಮುದ್ರ ಇಷ್ಟೇ."

ಆಟದ ಬಲೆಯ ಪರೀಕ್ಷೆ ಇನ್ನೂ ಚೆಂದ. ಸೊಂಟಕ್ಕೆ ಪಟ್ಟಿ ಬಿಗಿದು, ಬಾಯಲ್ಲಿ ರಬ್ಬರ್ ಬಾತುಕೋಳಿ ಕಚ್ಚಿಕೊಂಡು, ಅಂಬೆಗಾಲಿಡುತ್ತಾ ಬಂದು ಬಲೆಗೆ ಗುದ್ದುತ್ತಾರೆ. ಒಮ್ಮೆ ಗಿರಾಕಿ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಇದನ್ನು ನೋಡಿ, "ಆಮೇಲೆ ಬರ್ತೀನಿ" ಎಂದು ಹೋದವಳು ಗಂಡನನ್ನು ಜೊತೆಗೆ ಕರೆದುಕೊಂಡೇ ಬಂದಳು.

ಇಷ್ಟೆಲ್ಲ ಮಾಡುವ ಮನುಷ್ಯ ಜನ್ಮದಲ್ಲಿ ದೋಣಿ ಹತ್ತಿದವರಲ್ಲ. ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ನೀರು ನೋಡಿದರೇ ಇವರಿಗೆ ಹೊಟ್ಟೆ ತೊಳಸುತ್ತದೆ. ಅಳತೆಯನ್ನೆಲ್ಲ ಗಿರಾಕಿಗಳೇ ತಂದುಕೊಡಬೇಕು. ಇವರಿಗೆ ಗೊತ್ತಿರುವ ಸಮುದ್ರ ನಾನೊಬ್ಬಳೇ.

ಹೇಗೋ ನಡೆದುಕೊಂಡು ಹೋಗುತ್ತಿತ್ತು, ಮಗಳು ಅಳಿಯ ಸೇರಿ ಹಾಯಿದೋಣಿ ಕೊಳ್ಳುವವರೆಗೆ. ಅದರಲ್ಲೇ ವಾಸ ಮಾಡುತ್ತಾ ದೂರದ ಬಂದರುಗಳಿಗೆಲ್ಲ ಹೋಗುತ್ತಾರಂತೆ. ಜೊತೆಗೆ ಗುಂಡಿಯೂ. ಗುಂಡಿ ಎಂದರೆ ನಮ್ಮ ಮೊಮ್ಮಗಳು. ಅಂಗಿ ಗುಂಡಿಯ ಹಾಗೆ ದುಂಡಗಿದ್ದಾಳೆಂದು ಅಜ್ಜನೇ ಇಟ್ಟ ಹೆಸರು. ಓಡುವುದನ್ನು ಕಲಿತು, ನಿಲ್ಲುವುದನ್ನು ಇನ್ನೂ ಕಲಿಯದ ವಯಸ್ಸು.

"ಅಪ್ಪ, ಗುಂಡಿ ಹಾಸಿಗೆ ನೀವೇ ಮಾಡ್ಬೇಕು" ಎಂದಳು ಮಗಳು.

"ಮಾಡ್ತೀನಿ. ಆದ್ರೆ ಅದು ಪಾಸಾದ್ರೆ ಮಾತ್ರ ಮಗು ದೋಣಿ ಹತ್ತೋದು."

ಮಗಳು ಒಪ್ಪಿಕೊಂಡಳು. ಪಾಪ, ಅಪ್ಪನ ಬುದ್ಧಿ ಮರೆತಿದ್ದಳು.

ಊರವರ ಮಕ್ಕಳ ಹಾಸಿಗೆಗಳು ಒಂದೇ ಪರೀಕ್ಷೆಗೆ ಪಾಸಾಗುತ್ತಿದ್ದವು. ಗುಂಡಿಯದು ಮಾತ್ರ ಫೇಲಾಗುತ್ತಲೇ ಹೋಯಿತು. ಹೊಲಿಗೆ ಕಿರುಗುಟ್ಟುತ್ತದೆ, ಮಗುವಿಗೆ ಎಚ್ಚರವಾಗುತ್ತದೆ ಎಂದು ಬಿಚ್ಚಿದರು. ಬಟ್ಟೆಗೆ ಅಂಗಡಿಯ ವಾಸನೆ ಎಂದು ನನ್ನಿಂದ ಒಗೆಸಿದರು. ಬಲೆಯೊಳಗೆ ಮಲಗಿ ಮಲಗಿ ಮಗು ತನ್ನನ್ನು ಮೀನು ಅಂದುಕೊಂಡುಬಿಟ್ಟರೆ ಎಂದಾಗ ನನಗೆ ಪಿತ್ತ ನೆತ್ತಿಗೇರಿತು.

"ರೀ, ಮಗೂನ ಕಳಿಸೋಕೆ ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳಿ. ಹಾಸಿಗೆ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?"

"ನಂಗೇನು? ಹೋಗ್ಲಿ. ನೀನು ಅಲ್ಲಾಡ್ಸು."

ನನಗೇನು ಮನಸ್ಸಿತ್ತೇ? ನನಗೂ ಇರಲಿಲ್ಲ. ಆ ಸಿಟ್ಟೆಲ್ಲ ಸೇರಿಸಿ ಅಲ್ಲಾಡಿಸಿದೆ ನೋಡಿ, ತೊಲೆಯಿಂದ ಧೂಳು ಉದುರಿತು, ಪೆಟ್ಟಿಗೆ ಗೋಡೆಗೆ ಬಡಿಯಿತು. ಬಲೆ ಜಗ್ಗಲಿಲ್ಲ. "ಆಹಾ, ಇದಪ್ಪಾ ಸಮುದ್ರ!" ಎಂದು ಒಳಗಿನಿಂದ ಮೆಚ್ಚುಗೆ ಬಂತು. ಆದರೂ ಫೇಲು. ಈ ಸಲ ಕೊಂಡಿಯ ಮುಖ ಸಿಡುಕಾಗಿದೆಯಂತೆ.

ಕೊನೆಗೆ ಮಗಳು ಬಾಗಿಲಲ್ಲಿ ಬಂದು ನಿಂತಳು. "ಅಪ್ಪ, ಗಾಳಿ ಚೆನ್ನಾಗಿದೆ, ಇವತ್ತೇ ಹೊರಡ್ತೀವಿ. ನೀವು ಕೊಡಲ್ಲ ಅಂದ್ರೆ ಸುತ್ತ ದಿಂಬು ಇಟ್ಟು ಮಲಗಿಸ್ತೀನಿ."

ದಿಂಬು ಎಂಬ ಮಾತಿಗೆ ನಮ್ಮವರ ಮುಖ ಬಿಳಿಚಿಕೊಂಡಿತು. ಹಾಸಿಗೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ನಡಿ, ಅಲ್ಲೇ ಮಲಗಿ ನೋಡ್ತೀನಿ" ಎಂದರು.

ಕಣ್ಣು ಮುಚ್ಚಿ, ನನ್ನ ಭುಜ ಹಿಡಿದು ದೋಣಿ ಹತ್ತಿದರು. ಒಳಗಿನ ಕೋಣೆಯಲ್ಲಿ ಹಾಸಿಗೆ ಕಟ್ಟಿ, ಅಳಿಯ ಹಿಂದಿನಿಂದ ತಳ್ಳಿದ ಮೇಲೆ ಹೇಗೋ ಒಳಸೇರಿದರು. ನಾನು ಕೊಂಡಿ ಹಾಕಿದೆ. ಕಟ್ಟಿಹಾಕಿದ ದೋಣಿ ಮಿಸುಕಲಿಲ್ಲ.

"ಅಲ್ಲಾಡ್ಸೇ!"

"ಇಡೀ ದೋಣೀನ ನಾನೊಬ್ಳು ಹೆಂಗ್ರೀ ಅಲ್ಲಾಡ್ಸಲಿ?"

ಅಳಿಯ ಧಕ್ಕೆಯ ಮೇಲಿದ್ದವರನ್ನೆಲ್ಲ ಕೂಗಿದ. ಹಗ್ಗದಂಗಡಿಯವನು ಬಂದ, ಐಸ್ ಮಾರುವವನು ಬಂದ, ಕ್ಷೌರದವನು ಅರ್ಧ ಗಡ್ಡದ ಗಿರಾಕಿಯೊಂದಿಗೇ ಬಂದ. "ಎಡಕ್ಕೆ! ಬಲಕ್ಕೆ!" ಎಂದು ಮಗಳು ಕೂಗಿದಂತೆ ಎಲ್ಲರೂ ದೋಣಿಯ ಮೇಲೆ ಅತ್ತಿಂದಿತ್ತ ಹಾರಿದರು. ನಾನೂ ಹಾರಿದೆ. ಪಾತ್ರೆ ಉರುಳಿತು, ಗಡ್ಡದ ನೊರೆ ಹಾರಿತು. ಸೊಂಟದ ಪಟ್ಟಿಯಲ್ಲಿ ಭದ್ರವಾಗಿ ಕೂತಿದ್ದ ಗುಂಡಿ ಚಪ್ಪಾಳೆ ತಟ್ಟಿ, "ಮತ್ತೆ! ಮತ್ತೆ!" ಎಂದಳು.

ಹಾರಾಟ ನಿಂತಾಗ ಕೆಳಗಿನ ಕೋಣೆಯಿಂದ ಸದ್ದೇ ಇಲ್ಲ. ಓಡಿಹೋಗಿ ಕೊಂಡಿ ತೆಗೆದೆ. ಹಸಿರುಗಟ್ಟಿದ ಮುಖದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು.

"ಇದ್ರಲ್ಲಿ ಒಂದು ದೋಷ ಇದೆ ಕಣೇ."

"ಇನ್ನೇನ್ರೀ?"

"ದೋಷಾನೇ ಇಲ್ಲ" ಎಂದು ಅತ್ತುಬಿಟ್ಟರು.

ಆಮೇಲೆ ಎದ್ದು, ಗುಂಡಿಯನ್ನು ತಾವೇ ಎತ್ತಿ ಹಾಸಿಗೆಯಲ್ಲಿ ಮಲಗಿಸಿ ಕೊಂಡಿ ಹಾಕಿದರು. ಎಳೆದು ನೋಡಿದರು. ಯಾರ ಮುಖವನ್ನೂ ನೋಡದೆ, "ಪಾಸು" ಎಂದರು.

ದೋಣಿ ಕಣ್ಮರೆಯಾದ ಮೇಲೆ ಮನೆಗೆ ಬಂದೆವು. ನಾನು ಒಲೆ ಹಚ್ಚಿ ಬರುವಷ್ಟರಲ್ಲಿ ಇವರು ಶೆಡ್ಡಿನ ಪೆಟ್ಟಿಗೆಯಲ್ಲಿ ಬರಿಯ ಹಲಗೆಯ ಮೇಲೆ ಮುದುಡಿಕೊಂಡು ಮಲಗಿದ್ದರು.

"ಸ್ವಲ್ಪ ಅಲ್ಲಾಡ್ಸೇ."

"ಎಷ್ಟು ಜೋರಾಗಿ?"

"ಈಗ ಅಲ್ಲಿ ಎಷ್ಟಿರುತ್ತೋ ಅಷ್ಟು."

ಹೊರಗೆ ಗಾಳಿ ಎದ್ದಿತ್ತು; ತಗಡಿನ ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಬಾಗಿಲಿಗೆ ಅಗುಳಿ ಹಾಕಿ ಬಂದು, ಕೈಲಾದಷ್ಟು ಮೆಲ್ಲಗೆ ತೂಗಿದೆ. ಅವರು ಕೆರೆ ಎಂದು ಬೈಯಲಿಲ್ಲ.